ಆಲ್ಬಿಯ ನರಕದಲ್ಲಿ ಸೋಮಾರಿಗಳಿಲ್ಲ

ದಕ್ಷಿಣ ಫ್ರಾನ್ಸಿನ ಟೂಲೂಸ್‌ನಿಂದ ಆಲ್ಬಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾಸ್ಟರ್ಸ್ ಓದಲು ಬಂದವಳು ನಾನು. ಬಾಡಿಗೆ ರೂಮಿನ ಕೀ ಕೊಡಬೇಕಾದ ಏಜೆನ್ಸಿಗೆ ಹೋದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಊಟದ ಹೊತ್ತೆಂದು ಬಾಗಿಲು ಹಾಕಿತ್ತು. ಒಳಗಿದ್ದವರು ಗಾಜಿನ ಆಚೆಯಿಂದಲೇ ಎರಡು ಬೆರಳು ತೋರಿಸಿದರು. ಎರಡು ಗಂಟೆಗೆ ಬಾ ಅಂತ. ಅಷ್ಟೊಂದು ಮೇಲ್ ಬರೆದವರು ಇದೊಂದು ಸಾಲು ಬರೆಯಬಾರದಿತ್ತಾ? ಫ್ರಾನ್ಸಿನ ಸಣ್ಣ ಊರಿಗೆ ಬರುವವರು ಬೆಳಿಗ್ಗೆಯ ರೈಲನ್ನೇ ಹಿಡಿಯಿರಿ. ಭಾನುವಾರವಂತೂ ಬರಲೇಬೇಡಿ.

ಸೂಟ್‌ಕೇಸ್ ಎಳೆದುಕೊಂಡು ಗಲ್ಲಿ ತಿರುಗಿದರೆ ಎದುರಿಗೆ ಕೋಟೆ! ಕಲ್ಲಿನದ್ದಲ್ಲ, ಪೂರ್ತಿ ಕೆಂಪು ಇಟ್ಟಿಗೆಯದು. ಕಿಟಕಿಗಳು ಸಣ್ಣ ಸೀಳಿನ ಹಾಗೆ. ಬೋರ್ಡು ನೋಡಿದ ಮೇಲೇ ಅದು ಸೇಂಟ್ ಸಿಸಿಲಿಯಾ ಕೆಥೆಡ್ರಲ್ ಅಂತ ಗೊತ್ತಾಗಿದ್ದು.

ಚರ್ಚ್ ಯಾಕೆ ಹೀಗೆ ಗುರಾಯಿಸುತ್ತದೆ? ಈ ಭಾಗದಲ್ಲಿ ಕ್ಯಾಥರ್ ಪಂಥದವರು, ಅಂದರೆ ಕ್ಯಾಥೊಲಿಕ್ ಚರ್ಚಿನ ಮಾತು ಒಪ್ಪದ ಕ್ರೈಸ್ತರು, ಬಹಳ ಜನ ಇದ್ದರು. ಪೋಪ್‌ಗೆ ಅದು ಸಹಿಸಲಿಲ್ಲ. ಅವರ ಮೇಲೆ 1209ರಿಂದ 1229ರವರೆಗೆ ನಡೆದ ಯುದ್ಧಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಆಮೇಲೆ 1282ರಲ್ಲಿ ಇಲ್ಲಿನ ಬಿಷಪ್, ಬರ್ನಾರ್ಡ್ ದ ಕಸ್ತನೆ, ಈ ಕೆಥೆಡ್ರಲ್ ಕೆಲಸ ಶುರು ಮಾಡಿಸಿದ. ಆತ ಪಾಷಂಡಿಗಳ ವಿಚಾರಣೆಯನ್ನೂ ನಡೆಸುತ್ತಿದ್ದವನು. ಈಗ ಯಾರ ಮಾತು ನಡೆಯುತ್ತದೆ ಅಂತ ಊರಿಗೆಲ್ಲ ತೋರಿಸಬೇಕಿತ್ತು. 78 ಮೀಟರ್ ಗೋಪುರದ ಕೆಳಗೆ ನಿಂತರೆ ಇವತ್ತಿಗೂ ತಿಳಿಯುತ್ತದೆ.

ಒಳಗೆ ಹೋಗಿದ್ದು ಕ್ಲಾಸುಗಳೆಲ್ಲ ಶುರುವಾದ ಮೇಲೆ. ಹೊರಗಡೆ ಎಷ್ಟು ಬೋಳೋ ಒಳಗಡೆ ಅಷ್ಟು ಬಣ್ಣ. ಚಾವಣಿಯ ತುಂಬ ನೀಲಿ, ಚಿನ್ನ. ಇಟಲಿಯ ಕಲಾವಿದರು 1509ರಿಂದ 1512ರವರೆಗೆ ಬರೆದದ್ದು. ಅದು ಚೆಂದವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆರ್ಗನ್ ವಾದ್ಯದ ಕೆಳಗಿನ ಗೋಡೆ. ಅಲ್ಲಿ 15ನೇ ಶತಮಾನದ ಕೊನೆಯ 'ಅಂತಿಮ ತೀರ್ಪು' ಚಿತ್ರವಿದೆ, ಲೋಕದ ಕೊನೆಯ ದಿನ ಯೇಸು ಸತ್ತವರಿಗೆಲ್ಲ ತೀರ್ಪು ಕೊಡುವ ದೃಶ್ಯ. ಸತ್ತವರು ಬೆತ್ತಲೆಯಾಗಿ ಎದ್ದು ಬರುತ್ತಾರೆ. ಎದೆಯ ಮೇಲೆ ಅವರವರ ಪಾಪಪುಣ್ಯದ ಪುಸ್ತಕ ತೆರೆದಿದೆ. ಚಿತ್ರಗುಪ್ತನ ಲೆಕ್ಕವೇ, ಹೊತ್ತು ತರುವ ಕೆಲಸ ಮಾತ್ರ ಅವರದೇ! ಕೆಳಗೆ ನರಕ. ಹೊಟ್ಟೆಬಾಕರಿಗೆ ಮೇಜು ಹಾಕಿ ಕಪ್ಪೆ ಬಡಿಸುತ್ತಿದ್ದಾರೆ. ಸೊಕ್ಕಿನವರನ್ನು ಚಕ್ರಕ್ಕೆ ಕಟ್ಟಿದ್ದಾರೆ.

ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು, "ಎಣಿಸಿ ನೋಡಿದಿರಾ?" ಅಂದರು. ದಕ್ಷಿಣದವರ ರಾಗ ಎಳೆಯುವ ಫ್ರೆಂಚ್. ಎರಡು ಸಲ ಹೇಳಿಸಿಕೊಂಡೆ.

ಎಣಿಸಿದೆ. ಕ್ರೈಸ್ತರ ಲೆಕ್ಕದಲ್ಲಿ ಏಳು ಮಹಾಪಾಪಗಳಿರಬೇಕು, ಇದ್ದದ್ದು ಆರು.

"ಸೋಮಾರಿತನ ಇಲ್ಲ. 1693ರಲ್ಲಿ ಈ ಗೋಡೆಯ ಹಿಂಬದಿಯ ಸಣ್ಣ ಪ್ರಾರ್ಥನಾ ಕೋಣೆಗೆ ದಾರಿ ಮಾಡಲು ಚಿತ್ರದ ನಡುವಿನ ಭಾಗವನ್ನೇ ಒಡೆದರು. ಸೋಮಾರಿಗಳು ಬಚಾವ್."

"ಮತ್ತೆ ಯೇಸು ಎಲ್ಲಿ?"

"ಅವನೂ ಅಲ್ಲೇ ಇದ್ದ. ಈಗ ತೀರ್ಪು ಇದೆ, ಕೊಡುವವನಿಲ್ಲ." ಅವರಿಗೆ ಇದು ಹಳೆಯ ಜೋಕ್ ಇರಬೇಕು. ಆದರೂ ಮನಸಾರೆ ನಕ್ಕರು.

ಆಮೇಲೆ ಕೇಳಿದರು, "ನಿಮ್ಮ ದೇಶದಲ್ಲೂ ನರಕ ಇದೆಯಾ ಮದ್ಮುವಾಸೆಲ್?" ಇದೆ, ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕುತ್ತಾರೆ ಅಂದೆ. ಅಜ್ಜಿ ಎದ್ದು, ಕೈ ಹಿಡಿದು ಜಿಪುಣರ ಚಿತ್ರದ ಮುಂದೆ ನಿಲ್ಲಿಸಿದರು. ಸಾಲಾಗಿ ಕೊಪ್ಪರಿಗೆಗಳು! ಒಳಗಿರುವುದು ಎಣ್ಣೆಯಲ್ಲ, ಕರಗಿಸಿದ ಲೋಹವಂತೆ.

ಈ ಊರಿಗೆ ಜನ ಜಾಸ್ತಿ ಬರುವುದು ತೂಲೂಸ್-ಲೋತ್ರೆಕ್‌ಗಾಗಿ. ಆ ಚಿತ್ರಕಾರ 1864ರಲ್ಲಿ ಹುಟ್ಟಿದ್ದು ಇಲ್ಲೇ. ಪಕ್ಕದ ಬಿಷಪ್ ಅರಮನೆಯೇ ಈಗ ಅವನ ಮ್ಯೂಸಿಯಂ. ಪೋಸ್ಟರುಗಳು ಇಷ್ಟವಾದವು, ಉಳಿದ ಕೋಣೆಗಳನ್ನು ಸುಮ್ನೆ ದಾಟಿದೆ. ಅರಮನೆಯ ತೋಟಕ್ಕೆ ಮಾತ್ರ ಟಿಕೆಟ್ ಇಲ್ಲದೆ ಹೋಗಬಹುದು. ಅಲ್ಲಿಂದ ತಾರ್ನ್ ನದಿಯೂ ಸಾವಿರ ವರ್ಷದಷ್ಟು ಹಳೆಯ ಸೇತುವೆಯೂ ಚೆನ್ನಾಗಿ ಕಾಣುತ್ತವೆ. ನಾನೀಗ ಅಸೈನ್‌ಮೆಂಟ್ ಬರೆಯುವುದು ಅಲ್ಲೇ. ಬರೆಯದೆ ಕೂರುವುದೂ ಅಲ್ಲೇ, ಹೇಗೂ ಈ ಊರಲ್ಲಿ ಅದಕ್ಕೆ ಶಿಕ್ಷೆಯಿಲ್ಲವಲ್ಲ.