ತಲಪಾಡಿ ಗಡಿ ದಾಟಿದ ಮೇಲೆ ನೇರ ಬೇಕಲಕ್ಕೆ ಓಡಬೇಡಿ

ಮಂಗಳೂರಿನಿಂದ ಕಾಸರಗೋಡಿನ ಕಡೆ ಹೊರಟವರು ಹೆಚ್ಚಾಗಿ ಬೇಕಲ ಕೋಟೆ ನೋಡಿ, ಸಮುದ್ರದ ಎದುರು ನಾಲ್ಕು ಫೋಟೋ ತೆಗೆದು ವಾಪಸ್ ಬರುತ್ತಾರೆ. ಕೋಟೆ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಗಡಿಯ ಕಥೆ ತಿಳಿಯಬೇಕು ಅಂತಿದ್ದರೆ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಮೊದಲೇ ಇಳಿದುಬಿಡಿ.

1956ರ ನವೆಂಬರ್ 1ರ ತನಕ ಕಾಸರಗೋಡು ಆಗಿನ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲೇ ಇಲ್ಲ. ರೇಷನ್ ಕಾರ್ಡು ಕೇರಳದ್ದಾದರೂ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಅಂತ ಇಲ್ಲಿನವರು ಈಗಲೂ ಮಂಗಳೂರಿಗೇ ಬರುತ್ತಾರೆ. 2020ರ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ನಡುದಾರಿಯಲ್ಲಿ ಸಿಕ್ಕಿಬಿದ್ದರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಈ ಊರುಗಳಲ್ಲಿ ಆ ಮಾತೆತ್ತಿದರೆ ಜನ ಇನ್ನೂ ಬಿಸಿಯಾಗುತ್ತಾರೆ, ಸ್ವಲ್ಪ ನೋಡಿಕೊಂಡು ಮಾತಾಡಿ.

ಕಾರಿಗಿಂತ ಬಸ್ಸು ಒಳ್ಳೆಯದು. ಮಂಗಳೂರು–ಕಾಸರಗೋಡು ಸುಮಾರು 50 ಕಿ.ಮೀ., ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ನಾನು ಹತ್ತಿದ ಬಸ್ಸಿನಲ್ಲಿ ಕಂಡಕ್ಟರ್ ಮುಂದಿನ ಸೀಟಿನ ಅಜ್ಜಿಗೆ ತುಳುವಿನಲ್ಲಿ ಗದರಿಸಿ, ಪಕ್ಕದವರ ಹತ್ತಿರ ಮಲಯಾಳಂನಲ್ಲಿ ಚಿಲ್ಲರೆ ಕೇಳಿ, ನನಗೆ ಕನ್ನಡದಲ್ಲಿ "ಎಲ್ಲಿಗೆ?" ಅಂದರು. ಮೂರೂ ಒಂದೇ ಉಸಿರಿನಲ್ಲಿ! ಮಹಿಳೆಯರ ಉಚಿತ ಟಿಕೆಟ್ ಗಡಿಯಾಚೆಗೂ ನಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ. ರೈಲೂ ಇದೆ, ಆದರೆ ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ಮಂಜೇಶ್ವರ, ಕುಂಬಳೆಯಲ್ಲಿ ನಿಲ್ಲುವುದಿಲ್ಲ.

ಮಂಜೇಶ್ವರದಲ್ಲಿ ಮೊದಲು ಗೋವಿಂದ ಪೈಗಳ ಮನೆಗೆ ಹೋಗಿ, ಈಗ ಅದು ಸ್ಮಾರಕ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದರಾಸು ಸರ್ಕಾರ, ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗಲೇ ಊರು ರಾಜ್ಯ ಬದಲಿಸಿತ್ತು. ತೆರೆದಿರುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ನನಗೆ ಜಾಸ್ತಿ ಹಿಡಿಸಿದ್ದು ಹತ್ತಿರದ ಉದ್ಯಾವರ. ಮಾಡದ ಅರಸು ಮಂಜಿಷ್ಣಾರ್ ದೈವಸ್ಥಾನದ ಜಾತ್ರೆಗೆ ಮುಂಚೆ, ಬಿಸು (ಸೌರ ಯುಗಾದಿ) ಕಳೆದು ಬರುವ ಶುಕ್ರವಾರ, ದೈವದ ಕಡೆಯವರು ಮೆರವಣಿಗೆಯಲ್ಲಿ ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಾತ್ರೆಗೆ ಕರೆ ಕೊಟ್ಟು ಬರುತ್ತಾರೆ. ಸೌಹಾರ್ದ ಅಂತ ಭಾಷಣ ಮಾಡಲು ಶುರು ಮಾಡಿದ್ದಲ್ಲ, ಹಿಂದಿನಿಂದ ಬಂದ ಕಟ್ಟುಕಟ್ಟಳೆ. ಏಪ್ರಿಲ್ ಮಧ್ಯದ ನಂತರ ಹೋಗುವವರು ದಿನ ಕೇಳಿಕೊಂಡು ಹೊರಡಿ. ಕ್ಯಾಮೆರಾ ಚೀಲದಲ್ಲೇ ಇರಲಿ, ಯಾರಾದರೂ ಸರಿ ಅಂದ ಮೇಲೆ ತೆಗೆಯಿರಿ.

ಕುಂಬಳೆ ಪೇಟೆ ನೋಡಿದರೆ ಇದು ಸೀಮೆಯ ಅರಸರ ಊರು ಅನ್ನಿಸುವುದೇ ಇಲ್ಲ. ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಇಲ್ಲಿಯವನು. ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ ಮೇಳಗಳಿಗೆ ಇಂದಿಗೂ ಗಡಿ ಲೆಕ್ಕಕ್ಕಿಲ್ಲ. ರಾತ್ರಿ ಆಟ ನೋಡುವ ಆಸೆಯಿದ್ದರೆ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರಕ್ಕೆ ಮುಂಚೆ ಬನ್ನಿ. ಆಮೇಲೆ ಗೆಜ್ಜೆ ಬಿಚ್ಚುತ್ತಾರೆ, ಆ ವರ್ಷದ ತಿರುಗಾಟ ಮುಗಿಯಿತು.

ಕುಂಬಳೆಯಿಂದ ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದರೆ ಅನಂತಪುರ ಹತ್ತಿರ. ಕೆರೆಯ ನಡುವಿನ ಈ ಗುಡಿಯನ್ನು ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಎಂದು ನಂಬುತ್ತಾರೆ. ಹೆಸರಾಗಿದ್ದ ಮೊಸಳೆ ಬಬಿಯಾ 2022ರಲ್ಲಿ ಸತ್ತಿತು. ಅದೇ ದಾರಿಯಲ್ಲಿ ಮುಂದೆ ಬೇಳದ ಇಗರ್ಜಿ (ಚರ್ಚು), 1890ರದ್ದು. ಊರು ಕೇರಳದಲ್ಲಿದೆ, ಇಗರ್ಜಿ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ.

ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನಕ್ಕೆ ಹೋದರೆ ಗಣಪತಿಗೆ ಮಾಡುವ ಅಪ್ಪ ಎಂಬ ಸಿಹಿತಿಂಡಿಯ ಪ್ರಸಾದ ತಪ್ಪಿಸಬೇಡಿ. ಗಂಡಸರು ಶರ್ಟ್ ತೆಗೆದು ಒಳಗೆ ಹೋಗಬೇಕು, ಒಂದು ಪಂಚೆ ಜೊತೆಗಿರಲಿ. ಮಧ್ಯಾಹ್ನ ಗುಡಿಗಳ ಬಾಗಿಲು ಹಾಕಿರುತ್ತದೆ, ಊಟ ಆ ಹೊತ್ತಿಗೇ ಮುಗಿಸಿ. ಒಳರಸ್ತೆಯ ಬಸ್ಸುಗಳು ಸಂಜೆ ಕಡಿಮೆಯಾಗುತ್ತವೆ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳಂನಲ್ಲಿರುತ್ತದೆ, ಓದಲು ಬಾರದಿದ್ದರೆ ನಿಲ್ದಾಣದಲ್ಲಿ ಕನ್ನಡದಲ್ಲೇ ಕೇಳಿ, ಸಾಕು.