ಆ 4 ಡಿಗ್ರಿ ನಂಬಿ ಕೆಟ್ಟೆ

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ನಾನು ಫಾರ್ಮಸಿ ಅಧಿಕಾರಿ. ಜೊತೆಗೆ ಕೋಲ್ಡ್ ಚೈನ್ ಹ್ಯಾಂಡ್ಲರ್, ಲಸಿಕೆಯನ್ನು ತಣ್ಣಗೆ ಕಾಯುವವನು ಕೂಡ. ಅಂದ್ರೆ ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ಜಿನ ಬೀಗದ ಕೈ ನನ್ನ ಜೇಬಲ್ಲಿ, ಏನಾದರೂ ಆದರೆ ಬೈಗುಳ ನನ್ನ ತಲೆ ಮೇಲೆ.

ಮೇ ತಿಂಗಳ ಒಂದು ಬುಧವಾರ. ಬಿಸಿಲು ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಮೂರು ತಾಸು ಬರಲೇ ಇಲ್ಲ. ಗುರುವಾರದ ಲಸಿಕೆ ಸೆಷನ್‌ಗೆ ಸೀಸೆ ಎಣಿಸಿಡೋಣ ಅಂತ ಮುಚ್ಚಳ ತೆಗೆದಿದ್ದೆ. ಬೆವರಿದ ಕೈ, ಸ್ಟೆಮ್ ಥರ್ಮಾಮೀಟರ್ ಜಾರಿ ಬುಟ್ಟಿಯ ಅಂಚಿಗೆ ಟಣ್ ಅಂತ ಬಡಿಯಿತು. ತೆಗೆದು ನೋಡಿದೆ, ಗಾಜು ಒಡೆದಿಲ್ಲ. ಮತ್ತೆ ಬುಟ್ಟಿಗೆ ನೇತುಹಾಕಿ ಮುಚ್ಚಳ ಹಾಕಿದೆ. ಅಷ್ಟಕ್ಕೇ ಮರೆತೂ ಬಿಟ್ಟೆ.

ಸಂಜೆ ರೀಡಿಂಗ್ ಬರೆಯಲು ನೋಡಿದರೆ 11! ಇರಬೇಕಾದದ್ದು 2ರಿಂದ 8. ಎದೆ ಧಸಕ್ ಅಂತು. ಕರೆಂಟು ಹೋಗಿತ್ತಲ್ಲ, ಒಳಗೆ ಕಾವು ಏರಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಈಗ ಕೂತು ಯೋಚಿಸಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತೆ. ಐಎಲ್‌ಆರ್ ಗೋಡೆಯ ತುಂಬ ಐಸ್ ಇರುತ್ತೆ, ಮುಚ್ಚಳ ಮೇಲಕ್ಕೆ ತೆಗೆಯುವಂಥದ್ದು, ತಣ್ಣನೆ ಗಾಳಿ ಕೆಳಗೇ ಕೂತಿರುತ್ತೆ. ಮೂರು ತಾಸಿಗೆ 5ರಿಂದ 11ಕ್ಕೆ ಹಾರುವುದೇ ಇಲ್ಲ. ಟ್ರೈನಿಂಗಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ನಾನೂ ಹೊಸ ಎಎನ್ಎಂ ಸಿಸ್ಟರುಗಳಿಗೆ ಇದನ್ನೇ ಹೇಳ್ತಿದ್ದೆ. ಆದರೆ ಆ ಸಂಜೆ ಕಣ್ಣೆದುರು 11 ಇತ್ತು, ತಲೆ ಕೆಲಸ ಮಾಡಲಿಲ್ಲ.

ಥರ್ಮೋಸ್ಟಾಟ್ ಮುಟ್ಟಬಾರದು ಅಂತ ಐಎಲ್‌ಆರ್ ಮೇಲೆ ನಾನೇ ಚೀಟಿ ಅಂಟಿಸಿದ್ದೆ. ಆ ಚೀಟಿ ಪಕ್ಕಕ್ಕೆ ಸರಿಸಿ, ಜಾಸ್ತಿ ಥಂಡಿಯ ಕಡೆಗೆ ತಿರುಗಿಸಿ, ಮನೆಗೆ ಹೋದೆ. ಒಳಗೊಂದು ಸೆನ್ಸರ್ ಇದೆ, ಅದರಿಂದ ಮೊಬೈಲಿಗೆ ಮೆಸೇಜು ಬರಬೇಕು. ಅದು ಎರಡು ವಾರದಿಂದ ಆಫ್‌ಲೈನ್. ಫೋನ್ ಮಾಡಿದಾಗಲೆಲ್ಲ "ನೆಟ್‌ವರ್ಕ್ ಚೆಕ್ ಮಾಡ್ರಿ" ಅನ್ನುವುದೊಂದೇ ಉತ್ತರ.

ಬೆಳಿಗ್ಗೆ ಏಳೂವರೆಗೆ ಬೀಗ ತೆಗೆದೆ. ಥರ್ಮಾಮೀಟರಿನಲ್ಲಿ 4. ಆಹಾ! ರಿಜಿಸ್ಟರಲ್ಲಿ ದಪ್ಪಗೆ 4 ಬರೆದು ಸಹಿ ಹಾಕಿದೆ. ಹೊರಗೆ ವ್ಯಾಕ್ಸಿನ್ ಕ್ಯಾರಿಯರ್‌ಗಳು ಸಾಲಾಗಿ ಕೂತಿದ್ದವು. ಸೀಸೆ ಎತ್ತಿಕೊಡುತ್ತಾ ಬಂದೆ. ಮೂರನೇ ಕ್ಯಾರಿಯರ್ ನಮ್ಮ ದೊಡ್ಡ ಸಿಸ್ಟರದ್ದು. ಅವರು ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ಸೀಸೆ ಕೈಗೆ ತಗೊಂಡವರು ಒಳಗೆ ಹಾಕಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ಸರ, ಇದು ಕಲ್ಲ ಆಗ್ಯಾದ."

"ಇಲ್ಲ ಸಿಸ್ಟರ್, 4 ಡಿಗ್ರಿ ಇದೆ. ವಿವಿಎಂ ನೋಡಿ, ಎಷ್ಟು ಬೆಳ್ಳಗಿದೆ!" ಕಾವು ಬಡಿದರೆ ಬಣ್ಣ ಗಾಢವಾಗುವ, ಸೀಸೆಯ ಮೇಲಿನ ಗುರುತೇ ವಿವಿಎಂ.

"ವಿವಿಎಂ ಕಾವು ಹೇಳ್ತದರಿ, ಥಂಡಿ ಹೇಳಂಗಿಲ್ಲ. ನೀವೇ ಹೇಳಿದ್ರಲ್ಲ?"

ಹೌದು, ನಾನೇ ಹೇಳಿದ್ದೆ. ಒಳಗೆ ಕೈ ಹಾಕಿ ನೋಡಿದೆ. ಮೇಲಿನ ಬುಟ್ಟಿಯ ಸೀಸೆಗಳು ಅಲುಗಾಡಿದವು. ತಳದಲ್ಲಿ ಗೋಡೆಗೆ ಒತ್ತಿಟ್ಟ ಎರಡು ಪೆಟ್ಟಿಗೆ ಪೆಂಟಾ ಗಟ್ಟಿ. ಹೆಪ್ಪುಗಟ್ಟಿದರೆ ಪೆಂಟಾ ಕೆಡುತ್ತೆ, ತಳದಲ್ಲಿ ಇಡಬಾರದು ಅಂತ ಗೊತ್ತಿಲ್ಲದೆ ಅಲ್ಲ. ಒಂದು ಬುಟ್ಟಿ ಮುರಿದಿತ್ತು, ಬೇರೆ ಕೊಡಿ ಅಂತ ಮೂರು ಪತ್ರ ಬರೆದಿದ್ದೆ, ಬುಟ್ಟಿ ಬಂದಿರಲಿಲ್ಲ.

ಸಿಸ್ಟರ್ ಥರ್ಮಾಮೀಟರ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಕೆಂಪು ಗೆರಿ ಹರದದ ನೋಡ್ರಿ." ಕೆಂಪು ಗೆರೆ ಎರಡು ಕಡೆ ತುಂಡಾಗಿತ್ತು. ನಡುವೆ ಒಂದೊಂದು ಜೋಳದ ಕಾಳಿನಷ್ಟು ಖಾಲಿ ಜಾಗ. ನಾನು ಓದುತ್ತಿದ್ದದ್ದು ಗೆರೆಯ ತುದಿಯನ್ನು. ಆ ಖಾಲಿ ಜಾಗವೂ ಸೇರಿ ತುದಿ ಮೇಲೆ ಹೋಗಿ ಕೂತಿತ್ತು. ಅಂದ್ರೆ ಬುಧವಾರ 11 ತೋರಿಸಿದಾಗ ಒಳಗಿದ್ದದ್ದು 6. ಏನೂ ಆಗಿರಲೇ ಇಲ್ಲ! ಬೆಳಿಗ್ಗೆ 4 ತೋರಿಸಿದಾಗ ಮೈನಸ್ 1.

ಈ ಥರ್ಮಾಮೀಟರಿನ ಕೆಲಸ ಇಷ್ಟೇ. ತಳದ ಗುಂಡಿನಲ್ಲಿ ಬಣ್ಣ ಹಾಕಿದ ಆಲ್ಕೋಹಾಲ್ ಇರುತ್ತೆ. ಕಾವಿಗೆ ಅದು ಹಿಗ್ಗಿ ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಏರುತ್ತೆ, ಥಂಡಿಗೆ ಕುಗ್ಗಿ ಇಳಿಯುತ್ತೆ. ಪೆಟ್ಟು ಬಿದ್ದರೆ ಗಾಜು ಉಳಿದರೂ ಗೆರೆ ತುಂಡಾಗುತ್ತೆ. ಜ್ವರ ನೋಡುವ ಪಾದರಸದ್ದಕ್ಕೆ ಕುತ್ತಿಗೆಯ ಹತ್ತಿರ ಒಂದು ಇಕ್ಕಟ್ಟು ಇರುತ್ತೆ, ಹಾಗಾಗಿ ಏರಿದ್ದು ತಾನಾಗಿ ಇಳಿಯಲ್ಲ. ಕಂಕುಳಿಂದ ತೆಗೆದು ಆರಾಮಾಗಿ ಓದಬಹುದು. ಇದಕ್ಕೆ ಆ ಇಕ್ಕಟ್ಟಿಲ್ಲ. ಹೊರಗೆ ತೆಗೆದು ಓದಿದರೆ ನಿಮಗೆ ಸಿಗೋದು ರೂಮಿನ ಕಾವು. ಸೀಸೆಗಳ ನಡುವೆ ನೇತಾಡುತ್ತಿರುವಾಗಲೇ, ಕಣ್ಣು ಗೆರೆಯ ಸಮಕ್ಕೆ ತಂದು ಓದಬೇಕು.

ಎಂಒ (ವೈದ್ಯಾಧಿಕಾರಿ) ಮೇಡಂ ಬಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೊಟ್ಟಿದ್ದನ್ನೆಲ್ಲ ವಾಪಸ್ ತರಿಸಿದರು. ಕಲ್ಲಾಗಿದ್ದ ಒಂದು ಸೀಸೆ ಕರಗಿಸಿದೆವು. ಅದೇ ಬ್ಯಾಚಿನ, ಮೇಲಿನ ಬುಟ್ಟಿಯ ಇನ್ನೊಂದು ತಗೊಂಡೆವು. ಎರಡನ್ನೂ ಒಟ್ಟಿಗೆ ಕುಲುಕಿ ಟೇಬಲ್ ಮೇಲೆ ಇಟ್ಟೆವು. ಆಮೇಲೆ ನೋಡುತ್ತಾ ನಿಲ್ಲುವುದಷ್ಟೇ. ಹೊರಗೆ ಕೂಸುಗಳ ಅಳು, ಆಶಾಗಳ ಫೋನು. ನನ್ನ ಕಣ್ಣು ಮಾತ್ರ ಆ ಎರಡು ಸೀಸೆಯ ಮೇಲೆ. ಐದು ನಿಮಿಷಕ್ಕೆ ಎರಡೂ ಒಂದೇ ಥರ ಕಂಡವು. ಹತ್ತಕ್ಕೆ ಕರಗಿಸಿದ ಸೀಸೆಯಲ್ಲಿ ಮೇಲ್ಗಡೆ ನೀರು ತಿಳಿಯಾಯಿತು, ಒಡೆದ ಹಾಲಿನ ಚೂರಿನಂಥದ್ದು ತಳಕ್ಕೆ ಕೂರತೊಡಗಿತು. ಇನ್ನೊಂದು ಹಾಲಿನ ಹಾಗೇ ಇತ್ತು. ಇಪ್ಪತ್ತು ನಿಮಿಷ ಆದರೂ ಹಾಗೇ ಇತ್ತು. ಅಂದ್ರೆ ಮೇಲಿನ ಬುಟ್ಟಿಯದ್ದು ಹೆಪ್ಪುಗಟ್ಟಿರಲಿಲ್ಲ. ಆಗ ಉಸಿರು ಬಿಟ್ಟೆ.

ತಳದ 18 ಸೀಸೆ ಹೋದವು. ಒಂದಕ್ಕೆ 10 ಡೋಸು, ಲೆಕ್ಕ ನೀವೇ ಹಾಕಿ. ಪೋಲಿಯೊ ಇಂಜೆಕ್ಷನ್ ಎಫ್‌ಐಪಿವಿಗೆ ಹೀಗೆ ಕುಲುಕಿ ನೋಡುವ ಶೇಕ್ ಟೆಸ್ಟ್ ನಡೆಯಲ್ಲ, ಅದನ್ನು ಪಕ್ಕಕ್ಕಿಟ್ಟೆವು. ಪಕ್ಕದ ಪಿಎಚ್‌ಸಿಯಿಂದ ತರಿಸಿ ಸೆಷನ್ ಶುರುವಾಗುವಾಗ ಹನ್ನೊಂದೂವರೆ. ಅಷ್ಟೊತ್ತಿಗೆ ಬಿಸಿಲಿಗೆ ಸೋತು ಕೆಲವು ತಾಯಂದಿರು ಎದ್ದು ಹೋಗಿದ್ದರು.

ಮಧ್ಯಾಹ್ನ ಸಿಸ್ಟರ್ ಆ ಥರ್ಮಾಮೀಟರನ್ನು ಜ್ವರದ್ದು ಜಾಡಿಸುವ ಹಾಗೆ, ಗುಂಡು ಕೆಳಗೆ ಮಾಡಿ ನಾಲ್ಕೈದು ಸಲ ಜೋರಾಗಿ ಜಾಡಿಸಿದರು. ಗೆರೆ ಕೂಡಿಕೊಂಡಿತು. ಸ್ಟೀಲ್ ಲೋಟದಲ್ಲಿ ಐಸ್ ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಅದರಲ್ಲಿ ಅದ್ದಿದೆವು. ಸ್ವಲ್ಪ ಹೊತ್ತಿಗೆ ಸರಿಯಾಗಿ 0ಗೆ ಬಂದು ನಿಂತಿತು. ಎರಡು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ಬುಧವಾರ ಸಂಜೆ ಇದನ್ನು ಮಾಡಲು ನನಗೆ ಏನು ಧಾಡಿಯಾಗಿತ್ತು? ಈಗ ತಿಂಗಳ ಮೊದಲ ಸೋಮವಾರ ಲೋಟ ತಪ್ಪಲ್ಲ. ಎರಡನೇ ಥರ್ಮಾಮೀಟರ್ ನನ್ನ ದುಡ್ಡಲ್ಲೇ ತಂದೆ, ಬಿಲ್ಲು ಇನ್ನೂ ಪಾಸಾಗಿಲ್ಲ.

ಘಟನೆಯ ರಿಪೋರ್ಟ್ ಬೇರೆ ಹಾಳೆಯಲ್ಲಿ ಹೋಯಿತು. ಮುಂದಿನ ತಿಂಗಳು ಮೇಲಿಂದ ಒಬ್ಬರು ತಪಾಸಣೆಗೆ ಬಂದರು. ರಿಜಿಸ್ಟರ್ ತಿರುವಿ, ಬುಧವಾರದ 11ರ ಸುತ್ತ ಕೆಂಪು ಪೆನ್ನಿನಿಂದ ಗುಂಡು ಹಾಕಿ "ಇದೇನ್ರೀ?" ಅಂದರು. ಅದರ ಕೆಳಗಿನ 4ಕ್ಕೆ ರೈಟ್ ಮಾರ್ಕ್ ಹಾಕಿದರು.