ಡೆಲ್ ಶಾನನ್ ಅಂದ್ರೆ ಬರೀ 'ರನ್‌ಅವೇ' ಅಲ್ಲ ಮಾರಾಯ್ರೆ

ಮೂಡಿಗೆರೆ ಕಡೆ ಮಳೆ ಹಿಡಿದ್ರೆ ಗೊತ್ತಲ್ಲ, ಕರೆಂಟ್ ಹೋದ್ರೆ ಎರಡು ದಿನ ಪತ್ತೆ ಇರಲ್ಲ. ಮೊನ್ನೆ ಹಂಗೇ ಬಚ್ಚಲೊಲೆ ಮುಂದೆ ಕೂತು, ಫೋನಲ್ಲಿ ಉಳಿದಿದ್ದ ಚಾರ್ಜಲ್ಲಿ ಅಮೆರಿಕದ ರಾಕ್ ಹಾಡುಗಾರ ಡೆಲ್ ಶಾನನ್‌ನ ಕೇಳ್ತಿದ್ದೆ. ದೊಡ್ಡಪ್ಪನ ಕ್ಯಾಸೆಟ್ಟಲ್ಲಿ ಇದ್ದಿದ್ದು 1961ರ 'ರನ್‌ಅವೇ' ಒಂದೇ, ಅದರ ನಡುವೆ ಕೀಂಯ್ ಅಂತ ಬರೋ ಮ್ಯೂಸಿಟ್ರಾನ್ ಅನ್ನೋ ಎಲೆಕ್ಟ್ರಾನಿಕ್ ಕೀಬೋರ್ಡಿನ ಸೌಂಡಿಗೆ ನಮ್ ನಾಯಿನೂ ಕಿವಿ ನಿಮಿರಿಸ್ತಿತ್ತು (ಅದನ್ನ ಕಟ್ಟಿದ್ದು ಅವನ ಜೊತೆ ನುಡಿಸ್ತಿದ್ದ ಮ್ಯಾಕ್ಸ್ ಕ್ರೂಕ್). ಅಷ್ಟೇ ಅವನ ಕಥೆ ಅನ್ಕೊಂಡಿದ್ದೆ.

ನೋಡಿದ್ರೆ 1967ರಲ್ಲಿ ಲಂಡನ್ನಿಗೆ ಹೋಗಿ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ ಜೊತೆ ಒಂದು ಪೂರ್ತಿ ಆಲ್ಬಂ ಮಾಡಿದಾನೆ, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಮ್ಯಾನೇಜರ್ ಆಗಿದ್ನಲ್ಲ ಅವನೇ, ಆದ್ರೆ ಅದು ಮೂಲೆ ಸೇರಿ ಹೊರಗೆ ಬಂದಿದ್ದು 1978ಕ್ಕೆ!

1968ರದ್ದು ಇನ್ನೂ ವಿಚಿತ್ರ. ಚಾರ್ಲ್ಸ್ ವೆಸ್ಟೋವರ್ ಅನ್ನೋ ತನ್ನ ಅಸಲಿ ಹೆಸರನ್ನೇ ಟೈಟಲ್ಲಿಗೆ ಹಾಕಿದ ಸೈಕೆಡೆಲಿಕ್ (ಕನಸಲ್ಲಿ ತೇಲಿದಂಗೆ ಕೇಳೋ ರಾಕ್) ಆಲ್ಬಂ, ಆಗ ಯಾರೂ ಮೂಸಿ ನೋಡ್ಲಿಲ್ಲ. ನನಗಂತೂ ಇದೇ ಅವನ ಬೆಸ್ಟು. ಅದರಲ್ಲಿ 'ಸಿಲ್ವರ್ ಬರ್ಚ್' ಅಂತ ಒಂದು ಹಾಡಿದೆ, ಹೊರಗೆ ತೋಟದ ಸಿಲ್ವರ್ ಓಕು ಗಾಳಿಗೆ ಓಲಾಡ್ತಿರೋವಾಗ ಅದನ್ನ ಕೇಳಿ ನೋಡಿ.

"ಯಾರೋ ಅದು ಅಳ್ತಾ ಇರೋದು?" ಅಂದ್ರು ಅಮ್ಮ ಅಡುಗೆಮನೆಯಿಂದ. ಚಾರ್ಜ್ 4 ಪರ್ಸೆಂಟಿತ್ತು, ಇನ್ನೊಂದು ಸಲ ಹಾಕ್ದೆ.